ಐದು ಗಂಟೆಗೆ ಅಳಿಯುವ ಪಟ್ಟಿ

ಕಪಾಟಿನಲ್ಲಿ ಮುನ್ನೂರ ಹದಿನೇಳನೆಯ ಲಕೋಟೆ ಇತ್ತು. ಮುನ್ನೂರ ಹತ್ತೊಂಬತ್ತೂ ಇತ್ತು. ನಡುವೆ ಒಂದು ಬೆರಳು ತೂರುವಷ್ಟು ಸಂದು.

ಜರಡಿ ಅಕ್ಕ ಆ ಸಂದಿಗೆ ಬೆರಳು ತೂರಿಸಿ ನೋಡಿದಳು. ಹಿಂದೆ ಬಿದ್ದಿರಬಹುದೆಂದು ಕಪಾಟನ್ನೇ ಗೋಡೆಯಿಂದ ಎಳೆದಳು. ಸಿಕ್ಕಿದ್ದು ಒಂದು ಪೆನ್ನಿನ ಮುಚ್ಚಳ, ಎರಡು ಗುಂಡುಪಿನ್ನು, ಮತ್ತೆ ಸೀನು ಬರಿಸುವಷ್ಟು ಧೂಳು.

ಬೆಳಿಗ್ಗೆ ಹನ್ನೊಂದಕ್ಕೆ ಆ ಲಕೋಟೆಯನ್ನು ಅವಳು ಕಣ್ಣಾರೆ ಕಂಡಿದ್ದಳು. ಒಳಗೆ ಆ ಸಂಖ್ಯೆಯವರ ಹೆಸರು, ವಿಳಾಸವಿರುವ ಒಪ್ಪಿಗೆಪತ್ರ; ಮೊಹರು ಹಾಕಿದ್ದೆಂದು ಮುಟ್ಟಿರಲಿಲ್ಲ. ಹದಿನಾಲ್ಕು ವರ್ಷದ ನಿಯಮಪಾಲನೆಗೆ ಈಗ ತನ್ನನ್ನೇ ಚೆನ್ನಾಗಿ ಬೈದುಕೊಂಡಳು.

ಗೋಡೆಯ ಗಡಿಯಾರದಲ್ಲಿ ಮೂರೂವರೆ. ಐದಕ್ಕೆ ಪಟ್ಟಿ ಅಳಿಯುತ್ತದೆ. ಆಮೇಲೆ ಮುನ್ನೂರ ಹದಿನೆಂಟು ಎಂಬ ಹೆಂಗಸು ಯಾರು, ಎಲ್ಲಿದ್ದಾಳೆ, ಇದ್ದಾಳೋ ಇಲ್ಲವೋ ಎಂದು ಹೇಳಬಲ್ಲವರು ಯಾರೂ ಉಳಿಯುವುದಿಲ್ಲ.

ಅಕ್ಕನಿಗೆ ಜರಡಿ ಎಂಬ ಹೆಸರು ಬಿದ್ದದ್ದು ಕೆಲಸದಿಂದ. ಜನ ಕಳಿಸಿದ ಉತ್ತರಗಳನ್ನು ಜಾಲಾಡಿ ಸುಳ್ಳನ್ನೂ ಕಾಟಾಚಾರದ್ದನ್ನೂ ಹೆಕ್ಕಿ ತೆಗೆಯುವುದು ಅವಳ ಪಾಲಿನ ದುಡಿಮೆ. ಮೂರನೆಯ ಮಹಡಿಯ ಕೊನೆಯ ಕೋಣೆಯಲ್ಲಿ ಅವಳೊಬ್ಬಳೇ ಕೂರುತ್ತಿದ್ದಳು. ಕಚೇರಿಯಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು. ಊಟಕ್ಕೆ ಬಾ ಅಕ್ಕ ಎಂದು ಕರೆಯುವವರು ಮಾತ್ರ ಇರಲಿಲ್ಲ.

ಈ ಸಲದ ಅಧ್ಯಯನ ಜಾಲತಾಣಗಳ ಗೀಳಿನದು. ನಾನೂರು ಜನರ ಫೋನಿಗೆ ಆರು ವಾರ, ದಿನಕ್ಕೆ ಐದು ಸಲ ಪ್ರಶ್ನೆ ಹೋಗುತ್ತದೆ. ಎಷ್ಟು ಹೊತ್ತಿನಿಂದ ನೋಡುತ್ತಿದ್ದೀರಿ? ನಿಲ್ಲಿಸಬೇಕು ಅನಿಸಿತೇ? ನಿಲ್ಲಿಸಲು ಆಯಿತೇ? ಈಗ ನಿಮ್ಮ ಜೊತೆ ಯಾರಿದ್ದಾರೆ? ಕೊನೆಗೆ ಒಂದು ಖಾಲಿ ಚೌಕ, ಏನಾದರೂ ಹೇಳಬೇಕೆನಿಸಿದರೆ ಬರೆಯುವುದಕ್ಕೆ. ತಿಂಗಳ ಕೊನೆಗೆ ಕೂರಿಸಿ ಕೇಳಿದರೆ ಜನ ಮರೆತು ಹೇಳುತ್ತಾರೆ, ನಾಚಿಕೊಂಡು ಹೇಳುತ್ತಾರೆ. ಆಯಾ ಗಳಿಗೆಗೆ ಕೇಳಿದರೆ ಬಣ್ಣ ಹಚ್ಚುವುದಕ್ಕೆ ಪುರುಸೊತ್ತಿರುವುದಿಲ್ಲ.

ಉತ್ತರ ಕೊಟ್ಟವರಿಗೆ ಹೆಸರಿಲ್ಲ, ಬರೀ ಸಂಖ್ಯೆ. ಮೊಹರಿನ ಲಕೋಟೆಗಳನ್ನು ಬಿಟ್ಟರೆ, ಯಾವ ಸಂಖ್ಯೆ ಯಾರು ಎಂದು ಹೇಳುವ ಪಟ್ಟಿ ಒಂದೇ ಒಂದು. ಅದಕ್ಕೆ ಎರಡು ತುಂಡಿನ ಪಾಸ್‌ವರ್ಡ್: ಅರ್ಧ ದೊಡ್ಡ ಮೇಡಂ ಹತ್ತಿರ, ಅರ್ಧ ಅಕ್ಕನ ಹತ್ತಿರ. ಅಧ್ಯಯನ ಮುಗಿದ ಮರುದಿನ ಸಂಜೆ ಐದಕ್ಕೆ ಪಟ್ಟಿ ತಾನಾಗಿ ಅಳಿದುಹೋಗುತ್ತದೆ. ಹಾಗೆಂದು ನಾನೂರು ಜನಕ್ಕೂ ಮಾತು ಕೊಟ್ಟಾಗಿದೆ.

ಆ ಮರುದಿನವೇ ಇವತ್ತು.

ಬೆಳಿಗ್ಗೆ ಅಕ್ಕ ದೊಡ್ಡ ಮೇಡಂ ಎದುರು ಕೂತು, ಮುನ್ನೂರ ಹದಿನೆಂಟರ ಉತ್ತರಗಳು ಹನ್ನೊಂದು ದಿನದಿಂದ ಬೇರೆ ಯಾರದೋ ಕೈಯಿಂದ ಬರುತ್ತಿವೆ ಎಂದು ಹೇಳಿದ್ದಳು. ಅಧ್ಯಯನದ ಮುಖ್ಯಸ್ಥೆಯಾದ ಮೇಡಂ ಕನ್ನಡಕ ಒರೆಸುತ್ತಾ ಕೇಳಿಸಿಕೊಂಡಿದ್ದರು.

"ಮಾತು ಕೊಟ್ಟಿದ್ದೀವಿ ಕಣಮ್ಮ. ಒಬ್ಬರಿಗೋಸ್ಕರ ಪಟ್ಟಿ ತೆಗೆದ್ರೆ ನಾಳೆ ನಮ್ಮನ್ನ ಯಾರು ನಂಬ್ತಾರೆ?"

"ಜೀವಕ್ಕೆ ಅಪಾಯ ಇದ್ರೆ ತೆಗೀಬಹುದು ಅಂತಾನೂ ಬರೆದಿದ್ದೀವಿ ಮೇಡಂ."

"ಅಪಾಯ ಅನ್ನೋದಕ್ಕೆ ಏನು ಆಧಾರ? ಬೇಸರದಲ್ಲಿ ಜನ ಏನೇನೋ ಬರೀತಾರೆ. ತೀರಾ ತಕರಾರಾದ್ರೆ ಹಿಂತೆಗೆತದ ಕಾಗದ ಇದೆಯಲ್ಲ. ಅವರಾಗ್ಲಿ ಅವರ ಮನೆಯವರಾಗ್ಲಿ ಒಂದು ಸಹಿ ಹಾಕಿದ್ರೆ ಅವರ ಉತ್ತರ ಪೂರ್ತಿ ಅಳಿಸಿಬಿಡೋದು. ಅಧ್ಯಯನ ಮುಗಿದಿರೋದ್ರಿಂದ ತಲೆ ಎಣಿಕೆಯೂ ಕಡಿಮೆಯಾಗಲ್ಲ, ಯಾರಿಗೂ ತಲೆನೋವಿಲ್ಲ."

ಹನ್ನೆರಡಕ್ಕೆ ಮೇಡಂ ಚೀಲ ಹೆಗಲಿಗೇರಿಸಿ ಹೊರಟವರು ಇನ್ನೂ ಬಂದಿಲ್ಲ. ಅಕ್ಕ ಏಳು ಸಲ ಫೋನು ಮಾಡಿದರೂ ಎತ್ತಿಲ್ಲ.

ಅಕ್ಕ ಕಪಾಟನ್ನು ಮತ್ತೆ ಗೋಡೆಗೆ ತಳ್ಳಿ ತನ್ನ ಕೋಣೆಗೆ ಬಂದಳು.

*

ಕೋಣೆಯಲ್ಲಿ ಒಂದು ಮೇಜು, ಒಂದು ಕುರ್ಚಿ. ಎರಡನೆಯ ಕುರ್ಚಿಯನ್ನು ಯಾವುದೋ ಸಭೆಗೆಂದು ಯಾರೋ ಒಯ್ದವರು ವಾಪಸು ತಂದಿರಲಿಲ್ಲ; ಅವಳೂ ಕೇಳಿರಲಿಲ್ಲ, ಬಂದು ಕೂರುವವರಾದರೂ ಯಾರು. ಗೋಡೆಯ ಮೇಲೆ ಅಧ್ಯಯನದ ಭಿತ್ತಿಪತ್ರ: "ನಿಮ್ಮ ಉತ್ತರ ನಮಗೆ ಮುಖ್ಯ." ಅದರಡಿಯಲ್ಲಿ ಸಹಾಯವಾಣಿಯ ನಂಬರು. ಮೇಜಿನ ಮೂಲೆಯಲ್ಲಿ ಆ ಸಹಾಯವಾಣಿಯ ಫೋನು, ಕುತ್ತಿಗೆಗೆ ವೈರು ಸುತ್ತಿಕೊಂಡು ಕೂತಿತ್ತು. ನಿಮಗೆ ಬಹುಮಾನ ಬಂದಿದೆ ಎನ್ನುವ ಯಂತ್ರದ ದನಿ ದಿನಕ್ಕೆ ಹತ್ತು ಸಲ ಕೂಗಿ ತಲೆ ಚಿಟ್ಟುಹಿಡಿಸಿದ್ದರಿಂದ ಈ ತಿಂಗಳ ಹತ್ತನೆಯ ತಾರೀಖು ಬೆಳಿಗ್ಗೆ ಅವಳೇ ಅದರ ವೈರು ಕಿತ್ತಿದ್ದಳು. ಆರು ವಾರದಲ್ಲಿ ಆ ಫೋನಿಗೆ ಬಂದ ನಿಜವಾದ ಕರೆ ಒಂದೇ. ಅದೂ ಮೊದಲ ದಿನ, ಅರ್ಜಿ ತುಂಬುವುದು ಹೇಗೆಂದು ಯಾರೋ ಹೆಂಗಸು ಕೇಳಿದ್ದು.

ಅಕ್ಕ ಪರದೆಯ ಮೇಲೆ ಮುನ್ನೂರ ಹದಿನೆಂಟನ್ನು ಮತ್ತೆ ತೆರೆದಳು.

ಹೆಣ್ಣು. ವಯಸ್ಸು ಮೂವತ್ತೊಂಬತ್ತು. ಒಂಟಿ ವಾಸ. ಮೊದಲ ದಿನದಿಂದ ಈ ತಿಂಗಳ ಒಂಬತ್ತರವರೆಗೆ ನೂರೈವತ್ತೈದು ಸಲ ಕೇಳಿದ್ದಕ್ಕೆ ಅಷ್ಟೂ ಸಲ ಒಂದೇ ಉತ್ತರ. ಈಗ ನಿಮ್ಮ ಜೊತೆ ಯಾರಿದ್ದಾರೆ? ಯಾರೂ ಇಲ್ಲ.

ಸತತವಾಗಿ ಇಪ್ಪತ್ತು ಸಲ ಒಂದೇ ಉತ್ತರ ಒತ್ತಿದವರು ಓದದೆ ಒತ್ತುತ್ತಿದ್ದಾರೆ ಎಂದು ನಿಯಮ. ಅಂಥವರ ಮೇಲೆ "ಅಸಡ್ಡೆ" ಎಂಬ ಕೆಂಪು ಗುರುತು ಬೀಳುತ್ತದೆ. ಗುರುತು ಬಿದ್ದವರ ಖಾಲಿ ಚೌಕದ ಬರಹ ಯಾರ ಕಣ್ಣಿಗೂ ಬೀಳದ ಹಾಗೆ ಮುಚ್ಚಿಕೊಳ್ಳುತ್ತದೆ. ಅಸಡ್ಡೆಯವರು ಬರೆದದ್ದನ್ನು ಓದುತ್ತಾ ಕೂರುವುದಕ್ಕೆ ಯಾರಿಗೆ ಸಮಯವಿದೆ?

ಆ ನಿಯಮ ಬರೆದವಳು ಅಕ್ಕನೇ.

ಹನ್ನೊಂದು ದಿನ ಬಗೆಬಗೆಯ ಉತ್ತರ ಬಂದರೆ ಗುರುತು ತಾನಾಗಿ ಕಳಚುತ್ತದೆ. ಹತ್ತನೆಯ ತಾರೀಖಿನಿಂದ ಮುನ್ನೂರ ಹದಿನೆಂಟರ ಉತ್ತರಗಳು ಇದ್ದಕ್ಕಿದ್ದಂತೆ ಬಗೆಬಗೆಯಾದವು. ಗೆಳತಿಯ ಜೊತೆ. ಇಬ್ಬರ ಜೊತೆ. ಮೂವರು ಗೆಳತಿಯರ ಜೊತೆ. ನಿನ್ನೆ ಸಂಜೆ ಗುರುತು ಕಳಚಿತು, ಒಂದು ತಿಂಗಳು ಮುಚ್ಚಿದ್ದ ಬರಹವೆಲ್ಲ ಒಟ್ಟಿಗೇ ಅಕ್ಕನ ಪರದೆಗೆ ಬಂದು ಸುರಿಯಿತು.

ಅದನ್ನು ಅವಳು ಈಗ ನಾಲ್ಕನೆಯ ಸಲ ಓದುತ್ತಿದ್ದಳು.

"ಇವತ್ತು ಹನ್ನೊಂದು ಅಂಗಿಗೆ ಗುಂಡಿ ಹಾಕಿದೆ. ಒಂದು ಅಂಗಿಯೂ ಮಾತಾಡಲಿಲ್ಲ."

"ಯಾರದೋ ಮಗುವಿನ ಫೋಟೋ ನಲವತ್ತು ಸಲ ನೋಡಿದೆ. ನಿಲ್ಲಿಸಬೇಕು ಅನಿಸಿತು. ಆಗಲಿಲ್ಲ. ಆ ತಾಯಿ ಯಾರು ಅಂತ ನನಗೆ ಗೊತ್ತಿಲ್ಲ. ಮಗುವಿಗೆ ಹಲ್ಲು ಬಂದಿದ್ದು ಮಾತ್ರ ನನಗೆ ಮೊದಲು ಗೊತ್ತಾಯಿತು."

"ಲಿಫ್ಟಿನಲ್ಲಿ ಒಬ್ಬರು ಎಷ್ಟನೇ ಮಹಡಿ ಅಂತ ಕೇಳಿದರು. ಅದನ್ನು ‘ಜೊತೆ’ ಅಂತ ಲೆಕ್ಕಕ್ಕೆ ತಗೋಬಹುದಾ? ನೀವು ಹೇಳಿದ್ದರೆ ಒತ್ತುತ್ತಿದ್ದೆ."

ಇಲ್ಲಿ ಪ್ರತಿಸಲವೂ ಅಕ್ಕನಿಗೆ ನಗು ಬರುತ್ತಿತ್ತು, ನಕ್ಕು ಅದೇ ಸಾಲಿಗೆ ಮರಳುತ್ತಿದ್ದಳು.

ಕೊನೆಯ ಬರಹ ಒಂಬತ್ತನೆಯ ತಾರೀಖು, ಸಂಜೆ ಆರೂ ಹತ್ತರದು.

"ಮೆಟ್ಟಿಲ ಮೇಲೆ ಕೂತಿದ್ದೀನಿ. ಲಿಫ್ಟು ಕೆಟ್ಟಿದೆ. ಉಸಿರು ಸಾಲುತ್ತಿಲ್ಲ, ಎಡಗೈ ಸೋತಿದೆ. ದಿನಕ್ಕೆ ಐದು ಸಲ ಯಾರಿದ್ದಾರೆ ಅಂತ ಕೇಳ್ತೀರಲ್ಲ. ಇದನ್ನು ಯಾರಾದರೂ ಓದ್ತೀರಾ?"

ಅಲ್ಲಿಗೆ ಮುಗಿಯಿತು. ಫೋನ್ ಎಷ್ಟು ಹೊತ್ತು ಬಳಕೆಯಾಯಿತು ಎಂದು ಫೋನೇ ಕಳಿಸುವ ದಾಖಲೆಯೂ ಅವತ್ತು ಸಂಜೆ ಏಳಕ್ಕೆ ನಿಂತಿತ್ತು. ಹನ್ನೊಂದು ದಿನ ಆ ಫೋನು ಉಸಿರೆತ್ತಿಲ್ಲ. ಉತ್ತರಗಳು ಮಾತ್ರ ಚಾಚೂ ತಪ್ಪದೆ ಬಂದಿವೆ.

ಇನ್ನೂ ಒಂದು ಸುಳಿವಿತ್ತು. ಇದು ಬೇರೆ ಯಾರಿಗೂ ಹೊಳೆಯುತ್ತಿರಲಿಲ್ಲ. "ಯಾರಿದ್ದಾರೆ" ಎಂಬ ಪ್ರಶ್ನೆಗೆ ಮುನ್ನೂರ ಹದಿನೆಂಟು ಪ್ರತಿಸಲವೂ ನಲವತ್ತು ಸೆಕೆಂಡು ತೆಗೆದುಕೊಳ್ಳುತ್ತಿದ್ದಳು. ಉತ್ತರ ಗೊತ್ತಿದ್ದೂ ನಲವತ್ತು ಸೆಕೆಂಡು. ಹತ್ತರಿಂದೀಚೆಗೆ ಬರೀ ನಾಲ್ಕು.

ಆ ನಲವತ್ತು ಸೆಕೆಂಡು ಏನೆಂದು ಅಕ್ಕನಿಗೆ ಗೊತ್ತಿತ್ತು. ಪ್ರಶ್ನೆ ಸರಿಯಾಗಿ ಹೋಗುತ್ತಿದೆಯೇ ಎಂದು ನೋಡಲು ಅವಳ ಫೋನಿಗೂ ಅದೇ ಪ್ರಶ್ನೆಗಳು ಬರುತ್ತಿದ್ದವು. ಅವಳ ಸಂಖ್ಯೆ ಸೊನ್ನೆ. ಯಾರಿದ್ದಾರೆ ಎಂದು ಕೇಳಿದಾಗ ಮನುಷ್ಯ ಒಮ್ಮೆ ತಲೆಯೆತ್ತಿ ಕೋಣೆಯನ್ನು ನೋಡುತ್ತಾನೆ. ಬಾಗಿಲು ನೋಡುತ್ತಾನೆ. ಆಮೇಲೆ ಒತ್ತುತ್ತಾನೆ. ಸೊನ್ನೆಯ ಮೇಲೂ ಐದನೆಯ ದಿನವೇ ಅಸಡ್ಡೆಯ ಕೆಂಪು ಗುರುತು ಬಿದ್ದಿತ್ತು. ಪರೀಕ್ಷೆಯ ಸಂಖ್ಯೆ ತಾನೇ ಎಂದು ಅವಳು ತಲೆಕೆಡಿಸಿಕೊಂಡಿರಲಿಲ್ಲ.

ನಾಲ್ಕು ಗಂಟೆಯಾಯಿತು. ಸುಳ್ಳು ಉತ್ತರಗಳು ಬಂದ ದಾರಿಯನ್ನು ಅವಳು ಆಗಲೇ ಹಿಡಿದಿದ್ದಳು. ಫೋನ್ ಕೆಟ್ಟವರಿಗೆ ಕಚೇರಿಯಿಂದ ಕರೆ ಮಾಡಿ, ಕೇಳಿ ತುಂಬುವುದಕ್ಕೆ ಒಂದು ಪುಟವಿದೆ. ಆ ಪುಟದ ಬೀಗದಕೈ ಇರುವುದು ಒಬ್ಬನ ಹತ್ತಿರ.

*

ಅವನನ್ನು ಎಲ್ಲರೂ ಮಾತಿನಮಲ್ಲ ಅನ್ನುತ್ತಿದ್ದರು. ಅರ್ಧಕ್ಕೆ ಬಿಟ್ಟುಹೋಗುವವರಿಗೆ ಕರೆ ಮಾಡಿ, ಪುಸಲಾಯಿಸಿ, ನಗಿಸಿ ಮತ್ತೆ ಉತ್ತರ ಕೊಡುವಂತೆ ಮಾಡುವುದು ಅವನ ಕೆಲಸ. ಸಂಖ್ಯೆ ಒತ್ತಿದರೆ ಯಂತ್ರವೇ ಕರೆ ಜೋಡಿಸುತ್ತಿತ್ತು; ಹೆಸರಾಗಲಿ ಫೋನ್ ನಂಬರಾಗಲಿ ಅವನಿಗೂ ಕಾಣುತ್ತಿರಲಿಲ್ಲ. ಅಕ್ಕ ಹೋದಾಗ ಅವನು ಮೇಜು ಖಾಲಿ ಮಾಡಿ ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ.

"ಬನ್ನಿ ಅಕ್ಕ, ಬನ್ನಿ! ಅಪರೂಪಕ್ಕೆ ನಮ್ಮ ಕಡೆ. ಅಂತೂ ಮುಗೀತಲ್ಲ, ದೊಡ್ಡ ಭಾರ ಇಳಿದ ಹಾಗಾಯ್ತು."

"ಒಂದು ಸಣ್ಣ ಲೆಕ್ಕ ಕೇಳಬೇಕಿತ್ತು."

"ಕೇಳಿ ಅಕ್ಕ."

"ಮುನ್ನೂರ ಹದಿನೆಂಟಕ್ಕೆ ಗೆಳತಿಯರು ಎಷ್ಟು ಜನ?"

ಅವನ ಕೈಯಲ್ಲಿದ್ದ ಚಹಾ ಲೋಟ ಪೆಟ್ಟಿಗೆಯ ಮೇಲೇ ನಿಂತಿತು. "ನನಗೆ ಹೇಗೆ ಗೊತ್ತಾಗಬೇಕು?"

"ನೀನೇ ತಾನೇ ಕೊಟ್ಟಿದ್ದು."

ಮಾತಿನಮಲ್ಲ ನಕ್ಕ. ನಗು ಅರ್ಧ ದಾರಿಯಲ್ಲಿ ಒಣಗಿತು. "ಓ, ಅದಾ? ಅವರ ಫೋನು ಕೆಟ್ಟಿತ್ತು ಅಕ್ಕ. ನಾನೇ ಕರೆ ಮಾಡಿ ಕೇಳಿ ತುಂಬ್ತಿದ್ದೆ."

"ಕೆಟ್ಟ ಫೋನಿಗೆ ಕರೆ ಮಾಡ್ತಿದ್ದೆ?"

"ಅಂದ್ರೆ... ಬೇರೆ ನಂಬರಿಗೆ."

"ದಿನಕ್ಕೆ ಐದು ಸಲ. ನಾಲ್ಕೇ ಸೆಕೆಂಡಲ್ಲಿ ಕೇಳಿ, ತುಂಬಿ. ನಿನ್ನ ಬಾಯಿ ಜೋರು, ಒಪ್ತೀನಿ. ಆದ್ರೆ ಆ ಪ್ರಶ್ನೆ ಓದೋಕೇ ಆರು ಸೆಕೆಂಡು ಬೇಕು ಕಣೋ."

ಅವನು ಬಾಗಿಲ ಕಡೆ ನೋಡಿದ. ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಕಳೆದ ಭಾನುವಾರ ಬೆಳಿಗ್ಗೆ ಏಳು ನಲವತ್ತಕ್ಕೆ ಅವಳ ಮನೆಗೆ ಮೂವರು ಗೆಳತಿಯರನ್ನ ಕಳಿಸಿದ್ದೀಯ. ಒಂಟಿ ಹೆಂಗಸಿನ ಮನೆಗೆ ಭಾನುವಾರ ಬೆಳಿಗ್ಗೆ ಏಳು ನಲವತ್ತಕ್ಕೆ ಯಾರೂ ಬರಲ್ಲ. ಬೇಕಾದ್ರೆ ನನ್ನನ್ನ ಕೇಳು."

ಮಾತಿನಮಲ್ಲ ಪೆಟ್ಟಿಗೆಯನ್ನು ನೆಲಕ್ಕಿಟ್ಟು ಕುರ್ಚಿಯಲ್ಲಿ ಕುಸಿದ.

"ಕೆಲಸ ಹೋಗುತ್ತಾ ಅಕ್ಕ?"

"ಅದು ಆಮೇಲೆ. ಮೊದಲು ಹೇಳು."

"ನಾನೂರರಲ್ಲಿ ನೂರಕ್ಕೆ ಎಂಬತ್ತು ಜನ ಕೊನೇವರೆಗೂ ಉಳೀಬೇಕಿತ್ತು, ಇಲ್ಲಾಂದ್ರೆ ಅಧ್ಯಯನದ ದುಡ್ಡು ನಿಲ್ಲುತ್ತೆ. ಮುನ್ನೂರ ಇಪ್ಪತ್ತು. ಒಂಬತ್ತನೇ ತಾರೀಖಿಗೆ ನಮ್ಮ ಹತ್ರ ಸರಿಯಾಗಿ ಮುನ್ನೂರ ಇಪ್ಪತ್ತೇ ಇದ್ರು. ಇವರು ಇದ್ದಕ್ಕಿದ್ದ ಹಾಗೆ ನಿಂತುಬಿಟ್ರು. ಕರೆ ಮಾಡಿದೆ, ಸ್ವಿಚ್ ಆಫ್. ಎರಡು ದಿನ ನೋಡೋಣ ಅಂದೆ. ದೊಡ್ಡ ಮೇಡಂ ಬೇಡ ಅಂದ್ರು. ನೀನೇ ತುಂಬು, ಗುರುತೂ ಹೋಗೋ ಹಾಗೆ ತುಂಬು ಅಂದ್ರು."

"ಮೇಡಂ ಹಾಗಂದ್ರಾ? ಅವರ ಬಾಯಿಂದಾನೇ?"

"ಇದೇ ಕುರ್ಚಿ ಹಿಡ್ಕೊಂಡು ನಿಂತು ಹೇಳಿದ್ರು."

"ಅವಳು ಕೊನೇಲಿ ಏನು ಬರೆದಿದ್ದಳು ಅಂತ ಗೊತ್ತಾ ನಿನಗೆ?"

"ಗುರುತು ಬಿದ್ದವರದ್ದು ನಮಗೆ ಕಾಣಿಸಲ್ಲವಲ್ಲ ಅಕ್ಕ."

ಅಕ್ಕ ತನ್ನ ಫೋನಿನಲ್ಲಿ ಆ ಸಾಲುಗಳನ್ನು ತೆಗೆದು ಅವನ ಮುಂದೆ ಹಿಡಿದಳು. ಮೆಟ್ಟಿಲು, ಉಸಿರು, ಎಡಗೈ. ಅವನು ಓದಿದ. ಇನ್ನೊಮ್ಮೆ ಓದಿದ. ಅಂಗೈಯಿಂದ ಬಾಯಿ ಮುಚ್ಚಿಕೊಂಡ.

"ದೇವರಾಣೆ ನನಗೆ ಗೊತ್ತಿರಲಿಲ್ಲ."

"ಗೊತ್ತು. ನೀನು ಕಳ್ಳ ಹೌದು, ಕಟುಕ ಅಲ್ಲ." ಅವಳ ದನಿ ತಗ್ಗಿತು. "ಒಂದು ಹೇಳು. ತುಂಬೋಕೆ ಎಷ್ಟೋ ಬೇರೆ ಉತ್ತರ ಇದ್ವು. ಗೆಳತಿಯರನ್ನೇ ಯಾಕೆ ಕೊಟ್ಟೆ?"

ಅವನು ಪೆಟ್ಟಿಗೆಯ ಅಂಚನ್ನು ಉಗುರಿನಿಂದ ಕೆರೆದ.

"ಹಿಂದಿನದನ್ನೆಲ್ಲ ನೋಡಿದೆ ಅಕ್ಕ. ನೂರೈವತ್ತೈದು ಸಲ ಯಾರೂ ಇಲ್ಲ, ಯಾರೂ ಇಲ್ಲ. ಪಾಪ ಅನ್ನಿಸ್ತು. ಹೇಗೂ ಸುಳ್ಳು ತುಂಬ್ತಿದ್ದೀನಿ. ಕಾಗದದ ಮೇಲಾದ್ರೂ ಯಾರಾದ್ರೂ ಇರಲಿ ಅಂತ..."

ಬೈಯಬೇಕೆಂದೇ ಅಕ್ಕ ಬಂದಿದ್ದಳು. ಅವನ ಮೇಲೆ ಸಿಟ್ಟು ಇತ್ತು, ಆದರೆ ಆ ಸಿಟ್ಟಿಗೆ ಕಾಲು ಊರಿ ನಿಲ್ಲಲು ಆಗಲಿಲ್ಲ. ಇವನು ತುಂಬಿದ ಸುಳ್ಳಿನಿಂದಲೇ ತಾನೇ ಗುರುತು ಕಳಚಿದ್ದು, ಬರಹ ಕಂಡದ್ದು. ಅಕ್ಕ ಬರೆದ ನಿಯಮ ಮಾತ್ರ ಇದ್ದಿದ್ದರೆ ಆ ಸಾಲುಗಳು ಇವತ್ತು ಐದು ಗಂಟೆಗೆ ಓದದೆಯೇ ಮಣ್ಣಾಗುತ್ತಿದ್ದವು.

"ಪಟ್ಟಿ ತೆಗೀಬೇಕು. ಮೇಡಂದು ಅರ್ಧ ಪಾಸ್‌ವರ್ಡ್ ಬೇಕು," ಎಂದಳು.

ಮಾತಿನಮಲ್ಲ ಎದ್ದು ರಟ್ಟಿನ ಪೆಟ್ಟಿಗೆಯ ತಳಕ್ಕೆ ಕೈಹಾಕಿ ಒಂದು ಹಳೆಯ ಡೈರಿ ತೆಗೆದ. ಅದರೊಳಗೆ ನಾಲ್ಕಾಗಿ ಮಡಿಸಿದ ಚೀಟಿ.

"ಹೋದ ತಿಂಗಳು ರಜೆಗೆ ಹೋಗುವಾಗ ಮೇಡಂ ಬರೆದುಕೊಟ್ಟಿದ್ರು. ವಾಪಸ್ ಕೇಳೋದು ಮರೆತ್ರು. ಕೊಡೋದು ನಾನೂ ಮರೆತೆ." ಚೀಟಿ ಕೈಗಿತ್ತು ಕೇಳಿದ, "ಅಕ್ಕ, ಅವರು ಬದುಕಿದ್ದಾರಾ?"

ಅಕ್ಕ ಚೀಟಿ ಹಿಡಿದು ತನ್ನ ಕೋಣೆಯತ್ತ ನಡೆದಳು. ಅವನೂ ಹಿಂದೆಯೇ ಬಂದ. ತನ್ನ ಕೋಣೆಗೆ ಒಬ್ಬರು ಜೊತೆಯಲ್ಲಿ ಬಂದು ಎಷ್ಟು ದಿನವಾಯಿತು ಎಂದು ಆ ಅವಸರದಲ್ಲೂ ಅವಳಿಗೆ ಅನಿಸದೆ ಇರಲಿಲ್ಲ.

*

ನಾಲ್ಕು ಮೂವತ್ತೈದು. ಅವನು ಮೇಡಂ ಅರ್ಧ ಓದಿದ, ಅವಳು ಒತ್ತಿದಳು. ಅವಳು ಹೇಳದೆಯೇ ಅವನು ಗೋಡೆ ಕಡೆ ತಿರುಗಿದ; ಆಗ ತನ್ನ ಅರ್ಧ ಒತ್ತಿದಳು. ಪಟ್ಟಿ ತೆರೆಯಿತು. ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಉಳಿದಿರುವ ಸಮಯ ಓಡುತ್ತಿತ್ತು: ಇಪ್ಪತ್ತೈದು ನಿಮಿಷ.

ಮುನ್ನೂರ ಹದಿನೆಂಟು. ಒಂದು ಹೆಸರು. ಅದನ್ನು ಅಕ್ಕ ಮನಸ್ಸಿನಲ್ಲೇ ಓದಿಕೊಂಡಳು. ಜೋರಾಗಿ ಓದುವ ಹಕ್ಕು ತನಗಿಲ್ಲ ಅನಿಸಿತು. ಒಂದು ವಿಳಾಸ: ರೈಲು ಮಾರ್ಗದ ಆಚೆ, ಬಟ್ಟೆ ಒಗೆದು ಇಸ್ತ್ರಿ ಹಾಕುವ ಅಂಗಡಿಯ ಮೇಲೆ, ಆರನೆಯ ಮಹಡಿ. ಒಂದು ಫೋನ್ ನಂಬರು. ಅದಕ್ಕೆ ಕರೆ ಮಾಡಿದಳು. ಸ್ವಿಚ್ ಆಫ್.

"ತುರ್ತಿಗೆ ಯಾರಿಗೆ ತಿಳಿಸಬೇಕು ಅಂತ ಒಂದು ಖಾನೆ ಇರುತ್ತಲ್ಲ ಅಕ್ಕ? ಅದನ್ನ ತುಂಬದೆ ಅರ್ಜಿ ಮುಂದಕ್ಕೇ ಹೋಗಲ್ಲ."

ಅಕ್ಕ ಪಟ್ಟಿಯನ್ನು ಬದಿಗೆ ಸರಿಸಿದಳು. ಆ ಖಾನೆಯಲ್ಲಿ ಹೆಸರಿರಲಿಲ್ಲ. ಸಂಬಂಧ: ಅಕ್ಕ. ಅದರ ಮುಂದೆ ಒಂದು ನಂಬರು.

"ಅಕ್ಕ ಇದ್ದಾರೆ!" ಮಾತಿನಮಲ್ಲನ ಮುಖ ಅರಳಿತು. "ಯಾರೂ ಇಲ್ಲ ಅಂತಿದ್ರಲ್ಲ, ಅಕ್ಕ ಇದ್ದಾರೆ ನೋಡಿ! ಮಾಡಿ, ಬೇಗ ಮಾಡಿ." ನಂಬರನ್ನು ಓದತೊಡಗಿದವನು ಅರ್ಧಕ್ಕೆ ನಿಲ್ಲಿಸಿದ. "ತಡೀರಿ. ಈ ನಂಬರ್ ನಾನು ಎಲ್ಲೋ ನೋಡಿದ್ದೀನಿ."

ಅಕ್ಕ ಮೆಲ್ಲಗೆ ತಲೆಯೆತ್ತಿದಳು. ನಂಬರು ಅವಳ ಎದುರಿನ ಗೋಡೆಯ ಮೇಲೆಯೇ ಇತ್ತು. ನಿಮ್ಮ ಉತ್ತರ ನಮಗೆ ಮುಖ್ಯ. ಸಹಾಯವಾಣಿ.

ಮೊದಲ ದಿನ ಬಂದ ಆ ಒಂದೇ ಕರೆ ಈಗ ಪದಪದವಾಗಿ ನೆನಪಾಯಿತು. ತಗ್ಗಿದ ದನಿಯ ಹೆಂಗಸು. ಮೇಡಂ, ಒಂದು ಖಾನೆ ಖಾಲಿ ಬಿಟ್ರೆ ಅರ್ಜಿ ಮುಂದಕ್ಕೆ ಹೋಗ್ತಿಲ್ಲ. ಹಾಕೋಕೆ ಯಾರೂ ಇಲ್ಲದಿದ್ರೆ ಏನು ಹಾಕಬೇಕು? ಅಕ್ಕನಿಗೆ ಅವತ್ತು ಕೈತುಂಬ ಕೆಲಸ. ಮೇಡಂ ಅನ್ನಬೇಡಮ್ಮ, ಇಲ್ಲಿ ಎಲ್ಲರೂ ಅಕ್ಕ ಅಂತಾರೆ. ಯಾವುದಾದ್ರೂ ಒಂದು ನಂಬರ್ ಹಾಕಿಬಿಡು. ಅದನ್ನ ಯಾರೂ ನೋಡಲ್ಲ.

ಸರಿ ಅಕ್ಕ, ಎಂದು ಆ ದನಿ ಫೋನ್ ಇಟ್ಟಿತ್ತು. ಆಗ ತಾನೇ ಮಾತಾಡಿದ ನಂಬರನ್ನೇ ಖಾನೆಗೆ ತುಂಬಿತ್ತು.

ಅಕ್ಕ ಎರಡೂ ಕೈಯಿಂದ ಮೇಜು ಹಿಡಿದುಕೊಂಡಳು. ಆ ಹೆಂಗಸಿಗೆ ಪ್ರಪಂಚದಲ್ಲಿ ಕರೆಯಲು ಇದ್ದ ಒಂದೇ ನಂಬರು ಇದು. ಇದರ ವೈರನ್ನು ಅವಳು ಆ ಕೊನೆಯ ಸಾಲು ಬರೆದ ಮಾರನೆಯ ಬೆಳಿಗ್ಗೆ ತಾನು ಈ ಕೈಯಿಂದಲೇ ಕಿತ್ತಿದ್ದು.

"ಅಕ್ಕ, ಕೂತ್ಕೊಳಿ. ನೀರು ತರ್ತೀನಿ."

"ನೀರು ಬೇಡ. ನೀನು ಆ ವಿಳಾಸಕ್ಕೆ ಹೊರಡು. ಅಂಗಡಿಯವರನ್ನ ಕೇಳು, ಅಕ್ಕಪಕ್ಕದವರನ್ನ ಕೇಳು. ಹೋಗು."

ಅವನು ಓಡಿದ. ಅವಳು ಪಟ್ಟಿಯ ಆ ಸಾಲನ್ನು ಕೈಬರಹದಲ್ಲಿ ಬರೆದುಕೊಂಡು ಚೀಟಿಯನ್ನು ಕುಪ್ಪಸದೊಳಗೆ ಸೇರಿಸಿದಳು. ಆಮೇಲೆ ಫೋನಿನ ಕುತ್ತಿಗೆಗೆ ಸುತ್ತಿದ್ದ ವೈರನ್ನು ಬಿಚ್ಚಿದಳು. ಮೇಜಿನಡಿ ಮಂಡಿಯೂರಿ, ತಡಕಾಡಿ, ಗೋಡೆಯ ತೂತಿಗೆ ಸಿಕ್ಕಿಸಿದಳು. ಕಿತ್ತದ್ದನ್ನು ಸಿಕ್ಕಿಸಬೇಕು ಅನಿಸಿತು, ಸಿಕ್ಕಿಸಿದ್ದಳು.

ನಾಲ್ಕು ನಲವತ್ತೆಂಟು. ಕುರ್ಚಿಗೆ ಏರದೆ ಅವಳು ಮೇಜಿನ ಬಳಿ ನೆಲದ ಮೇಲೆಯೇ ಕೂತಿದ್ದಳು. ಅವಳ ಫೋನಿಗೆ ಯಾವುದೋ ಹಳೆಯ ಜ್ಞಾಪನೆ ಬಂದು ಮಿನುಗಿತು: ಈಗ ನಿಮ್ಮ ಜೊತೆ ಯಾರಿದ್ದಾರೆ? ಅಧ್ಯಯನ ಮುಗಿದರೂ ಸೊನ್ನೆಗೆ ಪ್ರಶ್ನೆ ನಿಂತಿರಲಿಲ್ಲ. ಅವಳು ತಲೆಯೆತ್ತಿ ಕೋಣೆ ನೋಡಿದಳು, ಬಾಗಿಲು ನೋಡಿದಳು.

ಆಗ ಮೇಜಿನ ಮೇಲಿನ ಫೋನು ರಿಂಗಾಯಿತು.

ಬಹುಮಾನದ ದನಿಯೇ ಇರಬೇಕೆಂದು ಅವಳು ಮೂರು ರಿಂಗು ಬಿಟ್ಟಳು. ನಾಲ್ಕನೆಯದಕ್ಕೆ ಎತ್ತಿದಳು.

"ಹಲೋ? ಅಬ್ಬಾ, ಅಂತೂ ಎತ್ತಿದ್ರಿ!" ದಣಿದ ಹೆಣ್ಣು ದನಿ. ಹಿಂದೆ ಪಾತ್ರೆಯ ಸದ್ದು, ಯಾರೋ ಕೆಮ್ಮುವ ಸದ್ದು. "ಆಸ್ಪತ್ರೆಯಿಂದ ಮಾತಾಡ್ತಿದ್ದೀನಿ, ವಾರ್ಡಿನ ನರ್ಸು. ಹನ್ನೊಂದು ದಿನದಿಂದ ನನ್ನ ಪಾಳಿ ಮುಗಿಯೋ ಹೊತ್ತಿಗೆ ದಿನಾ ಮಾಡ್ತಿದ್ದೆ. ಎತ್ತೋರೇ ಇರಲಿಲ್ಲ. ಇಲ್ಲಿ ಒಬ್ಬರು ಹೆಂಗಸು ಇದ್ದಾರೆ. ಮೆಟ್ಟಿಲ ಮೇಲೆ ಬಿದ್ದಿದ್ರಂತೆ. ಅವರ ಫೋನಿನ ಕವರಿನೊಳಗೆ ಒಂದು ಚೀಟಿ ಇತ್ತು, ಅಕ್ಕ ಅಂತ ಬರೆದು ಈ ನಂಬರ್."

"ಹೇಗಿದ್ದಾಳೆ?" ಅಕ್ಕನ ದನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಕೇಳಿದಳು.

"ಗಂಡಾಂತರ ಕಳೀತು. ಮಾತು ಇನ್ನೂ ಬಂದಿಲ್ಲ, ಬಲಗೈ ಮಾತ್ರ ಸ್ವಲ್ಪ ಆಡುತ್ತೆ. ಕಣ್ಣು ಬಿಟ್ರೆ ಬಾಗಿಲ ಕಡೆನೇ ನೋಡ್ತಾರೆ. ನೀವು ಅವರಿಗೆ ಏನಾಗಬೇಕು? ಅಕ್ಕನಾ?"

ಹದಿನಾಲ್ಕು ವರ್ಷ ಊರವರ ಸುಳ್ಳು ಉತ್ತರಗಳನ್ನು ಹೆಕ್ಕಿ ಎಸೆದವಳು ಅವಳು. ಒಂದು ಕ್ಷಣವೂ ಯೋಚಿಸಲಿಲ್ಲ.

"ಹೌದು," ಎಂದಳು. "ಅವಳ ಅಕ್ಕ ನಾನು. ಈಗಲೇ ಬರ್ತೀನಿ, ಅವಳಿಗೆ ಹೇಳಿ."

ನರ್ಸಿನ ದನಿ ತಗ್ಗಿತು, ಪಕ್ಕದಲ್ಲಿ ಯಾರೋ ಇದ್ದಾರೆಂಬ ಹಾಗೆ.

"ಅಲ್ಲಮ್ಮ, ಒಂದು ಗಂಟೆ ಹಿಂದೆನೇ ಅವರ ಅಕ್ಕ ಅಂತ ಕನ್ನಡಕದವರೊಬ್ಬರು ಬಂದಿದ್ದಾರಲ್ಲ. ಈ ನಂಬರ್ ಸರಿ ಇದೆಯಾ ಅಂತ ನೋಡೋಕೇ ನಾನು ಇವತ್ತು ಮಾಡಿದ್ದು. ಯಾವುದೋ ಅಧ್ಯಯನದ ಕಾಗದವಂತೆ, ಅದನ್ನ ಅವರ ಎದೆ ಮೇಲಿಟ್ಟು ಸಹಿ ಹಾಕ್ತಿದ್ದಾರೆ. ಇವರು ಬೇಡ ಬೇಡ ಅಂತ ಬಲಗೈ ಆಡಿಸ್ತಿದ್ದಾರೆ. ನೀವು ಇವರ ಅಕ್ಕ ಆದ್ರೆ, ಇಲ್ಲಿ ಕೂತಿರೋರು ಯಾರು?"